ಮಸ್ಕಿ ಎಂದು ಟೈಪಿಸಿ ನೋಡಿ

ಮಸ್ಕಿ. ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಮಾತ್ರ ಐದು ಸಂಖ್ಯೆ: 3246, 3256, 3277, 3221, 3263. ಮಕಾರ, ಸಕಾರ, ಹಲಂತದ ಚಿಹ್ನೆ, ಕಕಾರ, ಕೊನೆಗೆ ಗುಡಿಸು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೆ ಮೀಸಲು. ಸಂಖ್ಯೆ ಸಿಕ್ಕಿತೆಂದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಐದನೆಯದಾಗಿ ಬಂದ ಗುಡಿಸು ಹಿಂದಕ್ಕೆ ಸರಿದು ಸಕಾರದ ತಲೆಯೇರಬೇಕು, ನಾಲ್ಕನೆಯ ಕಕಾರ ಒತ್ತಾಗಿ ಕೆಳಗಿಳಿಯಬೇಕು, ನಡುವಿನ ಹಲಂತ ಕಾಣದಂತೆ ಮಾಯವಾಗಬೇಕು. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಈ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಹಾಗಾಗಿ ಬ್ರೌಸರಿನಲ್ಲಿ ಮಸ್ಕಿ ಮಸ್ಕಿಯಾಗಿಯೇ ಕಾಣುತ್ತದೆ.

ಈಗ ಆನ್‌ಲೈನ್ ತರಬೇತಿಯೊಂದನ್ನು ಮುಗಿಸಿದ, ರಾಯಚೂರು ಜಿಲ್ಲೆಯ ಮಸ್ಕಿಯ ಶಿಕ್ಷಕಿಯೊಬ್ಬರು ಪ್ರಮಾಣಪತ್ರ ಇಳಿಸಿಕೊಂಡರು ಎಂದುಕೊಳ್ಳಿ. ತರಬೇತಿ ನಡೆದದ್ದು ಮೂಡಲ್ ಎಂಬ ಹೆಸರಾಂತ ಮುಕ್ತ ತಂತ್ರಾಂಶದಲ್ಲಿ. ಪಾಠ ಚೆನ್ನಾಗಿತ್ತು, ಪ್ರಶ್ನೆಗಳೂ ಸರಿಯಾಗಿಯೇ ಕಂಡವು. ಪ್ರಮಾಣಪತ್ರದ ಪಿಡಿಎಫ್ ತೆರೆದರೆ ಊರಿನ ಹೆಸರು ಚೂರುಚೂರು. "ಸರ, ನಮ್ಮೂರ ಹೆಸರು ಒಡದು ಬಂದೈತ್ರಿ" ಎಂದು ಅವರು ಫೋನ್ ಮಾಡಿದರೆ ತರಬೇತಿ ಏರ್ಪಡಿಸಿದವರ ಬಳಿ ಉತ್ತರ ಇರುವುದಿಲ್ಲ. ಕಾರಣ ಇಷ್ಟೆ: ಮೂಡಲ್ ಪಿಡಿಎಫ್ ತಯಾರಿಸಲು ಬ್ರೌಸರನ್ನು ಕೇಳುವುದಿಲ್ಲ, ಟಿಸಿಪಿಡಿಎಫ್ ಎಂಬ ಬೇರೊಂದು ಸಂಗ್ರಹವನ್ನು, ಅಂದರೆ ಸಾಫ್ಟ್‌ವೇರ್ ಲೈಬ್ರರಿಯನ್ನು, ಬಳಸುತ್ತದೆ. ಭಾರತೀಯ ಲಿಪಿಗಳ ಜೋಡಣೆ ಅದಕ್ಕೆ ಬರುವುದಿಲ್ಲ. ಸಂಖ್ಯೆ ಬಂದ ಸಾಲಿನಲ್ಲೇ ಚಿಹ್ನೆಗಳನ್ನು ನಿಲ್ಲಿಸಿಬಿಡುತ್ತದೆ. ಕರ್ನಾಟಕ ಎಂದು ಬರೆದರೆ ಅರ್ಕಾವತ್ತು ಇರಬೇಕಾದ ಕಡೆ ರಕಾರವೂ ಹಲಂತವೂ ಬೇರೆ ಬೇರೆ ನಿಂತಿರುತ್ತವೆ.

ಆನ್‌ಲೈನ್ ತರಬೇತಿಗೆ ತಂತ್ರಾಂಶ ಆರಿಸುವಾಗ ನಾವು ಸಾಮಾನ್ಯವಾಗಿ ನೋಡುವುದು ಸೌಲಭ್ಯಗಳ ಪಟ್ಟಿಯನ್ನು. ವಿಡಿಯೊ ಹಾಕಬಹುದೇ, ಪರೀಕ್ಷೆ ನಡೆಸಬಹುದೇ, ಚರ್ಚೆಗೆ ಜಾಗವಿದೆಯೇ? ಎಲ್ಲದಕ್ಕೂ 'ಹೌದು' ಎಂಬ ಉತ್ತರ ಎಲ್ಲ ತಂತ್ರಾಂಶಗಳಲ್ಲೂ ಸಿಗುತ್ತದೆ, ಆದ್ದರಿಂದ ಆ ಪಟ್ಟಿಯಿಂದ ಆಯ್ಕೆಗೆ ಹೆಚ್ಚು ಸಹಾಯವಿಲ್ಲ. ನಮ್ಮ ಅಕ್ಷರ, ನಮ್ಮ ನೆಟ್‌ವರ್ಕ್, ನಮ್ಮ ಕೈಯಲ್ಲಿರುವ ಜನ ಈ ಮೂರರ ಎದುರು ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಬಳಸಿಯೇ ತಿಳಿಯಬೇಕು.

ಇಂಥ ತಂತ್ರಾಂಶವನ್ನು ಕಲಿಕಾ ನಿರ್ವಹಣಾ ವ್ಯವಸ್ಥೆ, ಚಿಕ್ಕದಾಗಿ ಎಲ್‌ಎಂಎಸ್ ಎನ್ನುತ್ತಾರೆ. ಹಾಜರಿ ಪುಸ್ತಕ, ಪಾಠದ ಕಡತ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಇವನ್ನೆಲ್ಲ ಒಂದೇ ಡೇಟಾಬೇಸಿನಲ್ಲಿ ಇಟ್ಟು, ಯಾರಿಗೆ ಯಾವುದು ಕಾಣಬೇಕು ಎಂದು ತೀರ್ಮಾನಿಸುವುದು ಅದರ ಕೆಲಸ. ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಇದು ಹೊಸದಲ್ಲ. ಪಠ್ಯಪುಸ್ತಕದ ಪಾಠದ ಪಕ್ಕ ಅಚ್ಚಾಗಿರುವ ಕ್ಯೂಆರ್ ಕೋಡ್ ಹಿಂದೆ ಇರುವುದು ದೀಕ್ಷಾ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ ಶುರುವಾದ ಈ ವೇದಿಕೆಯಲ್ಲಿ 2020ರ ಅಕ್ಟೋಬರ್‌ನಿಂದ ನಿಷ್ಠಾ ಎಂಬ ಶಿಕ್ಷಕ ತರಬೇತಿಯ 18 ಘಟಕಗಳು ಆನ್‌ಲೈನ್ ಆದವು. ದೀಕ್ಷಾ ನಿಂತಿರುವುದು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದನ್ನು ಕಟ್ಟಿದ್ದು ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ, ಶಂಕರ್ ಮರುವಾಡ ಸೇರಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಏಕ್‌ಸ್ಟೆಪ್ ಫೌಂಡೇಶನ್. ಕೇಂದ್ರ ಸರ್ಕಾರಿ ನೌಕರರ ತರಬೇತಿಗೆಂದು ಬಂದ ಐಗಾಟ್ ಕರ್ಮಯೋಗಿಯ ಬುನಾದಿಯೂ ಸನ್‌ಬರ್ಡೇ.

ಹಾಗಾದರೆ ಲಿಂಗಸುಗೂರಿನ ಒಂದು ಸಹಕಾರ ಸಂಘವೋ ಸಿಂಧನೂರಿನ ರೈತ ಉತ್ಪಾದಕ ಕಂಪನಿಯೋ ತಮ್ಮ ತರಬೇತಿಗೂ ಸನ್‌ಬರ್ಡನ್ನೇ ಇಳಿಸಿಕೊಳ್ಳಬಹುದಲ್ಲ? ಇಳಿಸಿಕೊಳ್ಳಬಹುದು. ಎಂಐಟಿ ಪರವಾನಗಿಯಡಿ ಇರುವುದರಿಂದ ಯಾರನ್ನೂ ಕೇಳಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ನಡೆಸುವುದು ಮಾತ್ರ ಕಷ್ಟ. ಇಡೀ ದೇಶದ ಶಾಲೆಗಳ ಭಾರ ಹೊರಲೆಂದು ಅದನ್ನು ಹತ್ತಾರು ಬಿಡಿ ಸೇವೆಗಳಾಗಿ ಕಟ್ಟಲಾಗಿದೆ. ಅವೆಲ್ಲ ಒಟ್ಟಿಗೆ ಎದ್ದು ನಿಲ್ಲಲು ಸರ್ವರುಗಳ ಸಾಲೂ ಅವನ್ನು ಕಾಯುವ ಎಂಜಿನಿಯರುಗಳ ತಂಡವೂ ಬೇಕು. ಇನ್ನೂರು ರೈತರಿಗೆ ಪಾಠ ಹೇಳಲು ಅದು ಅತಿಯಾಯಿತು.

ಮೂಡಲ್ ಹುಟ್ಟಿದ್ದು ಇದಕ್ಕೆ ತದ್ವಿರುದ್ಧ ಸನ್ನಿವೇಶದಲ್ಲಿ. ಅದನ್ನು ಬರೆದ ಮಾರ್ಟಿನ್ ಡೂಜಿಯಾಮಸ್ ಬಾಲ್ಯ ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ದೂರದ ನೆಲೆಯಲ್ಲಿ. ಅಲ್ಲಿ ಶಾಲೆಯೆಂದರೆ ಶಾರ್ಟ್‌ವೇವ್ ರೇಡಿಯೊದಲ್ಲಿ ಬರುವ ಮೇಷ್ಟರ ದನಿ, ವಿಮಾನದಲ್ಲಿ ಬರುವ ಪಾಠದ ಕಟ್ಟು. ಮುಂದೆ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ವಾಣಿಜ್ಯ ತಂತ್ರಾಂಶ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು, ಅದರಿಂದ ಬೇಸತ್ತು ತಮ್ಮದೇ ಒಂದನ್ನು ಬರೆಯತೊಡಗಿದರು. 2002ರ ಆಗಸ್ಟ್‌ನಲ್ಲಿ ಮೂಡಲ್ 1.0 ಹೊರಬಂತು. ವೆಬ್‌ಸಿಟಿಯ ಕತೆ ಏನಾಯಿತೆಂದರೆ, 2006ರಲ್ಲಿ ಎದುರಾಳಿ ಬ್ಲ್ಯಾಕ್‌ಬೋರ್ಡ್ ಅದನ್ನು ಕೊಂಡು ಮುಗಿಸಿತು. ಕ್ರಮೇಣ ಹೆಸರೇ ಉಳಿಯಲಿಲ್ಲ. ಅದರ ಮೇಲೆ ಪಾಠ ಕಟ್ಟಿದ್ದ ವಿಶ್ವವಿದ್ಯಾಲಯಗಳು ಗಂಟುಮೂಟೆ ಕಟ್ಟಬೇಕಾಯಿತು.

ಮುಕ್ತ ತಂತ್ರಾಂಶದಲ್ಲೂ ಮಾಲೀಕರು ಬದಲಾಗುತ್ತಾರೆ, ಆದರೆ ಅದರ ಪರಿಣಾಮ ಬೇರೆ. ಎಂಐಟಿ ಮತ್ತು ಹಾರ್ವರ್ಡ್ 2012ರಲ್ಲಿ ಎಡ್ಎಕ್ಸ್ ಶುರು ಮಾಡಿದವು, ಮರುವರ್ಷ ಅದರ ಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಓಪನ್ ಎಡ್ಎಕ್ಸ್ ಎಂಬ ಹೆಸರಿನಲ್ಲಿ ಬಯಲಿಗಿಟ್ಟವು. 2021ರಲ್ಲಿ ಎಡ್ಎಕ್ಸ್ ಜಾಲತಾಣವನ್ನು 2ಯು ಎಂಬ ಕಂಪನಿ 80 ಕೋಟಿ ಡಾಲರಿಗೆ ಕೊಂಡಿತು. 2024ರ ಜುಲೈನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಓಪನ್ ಎಡ್ಎಕ್ಸ್ ಬಳಸುತ್ತಿದ್ದವರ ಸರ್ವರುಗಳು ಅಂದೂ ಎಂದಿನಂತೆ ಓಡುತ್ತಿದ್ದವು, ಏಕೆಂದರೆ ಸಂಕೇತ ಮಾರಾಟದಾಚೆ ಒಂದು ಲಾಭರಹಿತ ಸಂಸ್ಥೆಯ ಉಸ್ತುವಾರಿಯಲ್ಲಿತ್ತು, ಜೊತೆಗೆ ಪರವಾನಗಿಯ ಬಲವಿತ್ತು.

ಪರವಾನಗಿಯ ವಿಷಯ ಕೇಳಿದೊಡನೆ ಓದುಗರು ಪುಟ ಮಗುಚುತ್ತಾರೆ, ಆದ್ದರಿಂದ ಎರಡೇ ಮಾತು. ಮೂಡಲ್‌ನದು ಜಿಪಿಎಲ್: ತಿದ್ದಿದ ತಂತ್ರಾಂಶವನ್ನು ಇನ್ನೊಬ್ಬರಿಗೆ ಕೊಟ್ಟರೆ ಸಂಕೇತವನ್ನೂ ಕೊಡಬೇಕು. ಓಪನ್ ಎಡ್ಎಕ್ಸ್‌ನದು ಎಜಿಪಿಎಲ್: ತಿದ್ದಿ ನಿಮ್ಮ ಸರ್ವರಿನಲ್ಲೇ ಇಟ್ಟುಕೊಂಡು ಜಾಲದ ಮೂಲಕ ಜನರಿಗೆ ಒದಗಿಸಿದರೂ ಕೊಡಬೇಕು. ಏನನ್ನೂ ತಿದ್ದದೆ ಬಳಸುವ ಲಿಂಗಸುಗೂರಿನ ಸಂಘಕ್ಕೆ ಎರಡರಿಂದಲೂ ತೊಂದರೆಯಿಲ್ಲ. ತಿದ್ದಿಸಿಕೊಂಡರೆ, ತಿದ್ದಿದವನು ಊರು ಬಿಟ್ಟ ಮೇಲೂ ಸಂಕೇತ ತಮ್ಮ ಕೈಯಲ್ಲಿ ಇರುವಂತೆ ಕರಾರು ಬರೆಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಮುಗಿಸುವುದು ನಮ್ಮ ರೂಢಿ, ಇಲ್ಲಿ ಅದು ಕೆಲಸಕ್ಕೆ ಬಾರದು.

ಕನ್ನಡದ ಪರೀಕ್ಷೆಗೆ ಮರಳೋಣ, ಏಕೆಂದರೆ ಬೇರೆ ದೇಶದ ಯಾವ ಕೈಪಿಡಿಯಲ್ಲೂ ಇದು ಸಿಗುವುದಿಲ್ಲ.

ಮೊದಲ ಕಂಟಕ ಹಳೆಯ ಕಡತಗಳು. ತಾಲ್ಲೂಕು ಕೇಂದ್ರದ ಯಾವ ಡಿಟಿಪಿ ಅಂಗಡಿಗೆ ಹೋದರೂ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾದ ತರಬೇತಿ ಪುಸ್ತಿಕೆಗಳ ರಾಶಿ ಸಿಗುತ್ತದೆ. ಆ ಫಾಂಟುಗಳಲ್ಲಿ ಕಾಣುವುದಷ್ಟೇ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ನಕಲು ಮಾಡಿ ಎಲ್‌ಎಂಎಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ನೆರೆಯುತ್ತದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಕೆಲಸವನ್ನೂ ಮಾಡುತ್ತವೆ. ಒತ್ತಕ್ಷರ, ಅರ್ಕಾವತ್ತು, ಅಂಕಿಗಳ ಬಳಿ ಒಬ್ಬರು ಕೂತು ಓದಿ ತಿದ್ದಲೇಬೇಕು. ಪುಸ್ತಿಕೆಯ ಸ್ಕ್ಯಾನ್ ಚಿತ್ರವನ್ನೇ ಹಾಕಿಬಿಡುವ ಆಸೆ ಆಗುತ್ತದೆ. ಹಾಕಿದರೆ ಹುಡುಕಲು ಬರುವುದಿಲ್ಲ, ಕಣ್ಣು ಮಂಜಾದವರ ಮೊಬೈಲ್ ಅದನ್ನು ಓದಿ ಹೇಳುವುದೂ ಇಲ್ಲ.

ಎರಡನೆಯದು ಉತ್ತರ ತಾಳೆ ನೋಡುವ ಬಗೆ. ಕೊಪ್ಪಳ ಎಂಬ ಉತ್ತರದಲ್ಲಿ 'ಕೊ' ಬರೆಯಲು ಯೂನಿಕೋಡಿನಲ್ಲಿ ಎರಡು ದಾರಿ: ಒತ್ವದ ಒಂದೇ ಸಂಖ್ಯೆ, ಇಲ್ಲವೇ ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಖ್ಯೆಗಳ ಜೋಡಿ. ಪರದೆಯ ಮೇಲೆ ಎರಡೂ ತದ್ರೂಪ. ಸಂಖ್ಯೆಯನ್ನಷ್ಟೇ ಹೋಲಿಸುವ ತಂತ್ರಾಂಶ ಒಂದಕ್ಕೆ ಅಂಕ ಕೊಟ್ಟು ಇನ್ನೊಂದನ್ನು ತಪ್ಪೆನ್ನುತ್ತದೆ. ಮೂಡಲ್‌ನ ಕಿರು ಉತ್ತರದ ಪ್ರಶ್ನೆಯಲ್ಲಿ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ವ್ಯವಸ್ಥೆ ಇದೆ. ಬರೆದವರು ಕನ್ನಡವನ್ನು ನೆನೆದು ಬರೆದಿರಲಿಕ್ಕಿಲ್ಲ, ನಮಗಂತೂ ಲಾಭವಾಯಿತು. ಆದರೆ 8204 ಎಂಬ ಸಂಖ್ಯೆಯ ಒಂದು ಅದೃಶ್ಯ ಚಿಹ್ನೆ ಇದೆ. ರಾಜ್‌ಕುಮಾರ್ ಎಂಬಲ್ಲಿ ಕಕಾರ ಒತ್ತಾಗದಂತೆ ತಡೆಯುವುದು ಅದೇ. ಕೆಲವರ ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಆ ಒಂದೇ ರೂಪಕ್ಕೆ ತರುವ ಕ್ರಿಯೆ ಇದನ್ನು ಮುಟ್ಟುವುದಿಲ್ಲ.

ಊರಿನ ಹೆಸರೇ ಉತ್ತರವಾದರೆ ಇನ್ನೊಂದು ಫಜೀತಿ. ಲಿಂಗಸುಗೂರು ಎಂದು ಒಬ್ಬರು, ಲಿಂಗಸೂಗೂರು ಎಂದು ಇನ್ನೊಬ್ಬರು ಬರೆಯುತ್ತಾರೆ. ಅಂಗಡಿ ಬೋರ್ಡುಗಳಲ್ಲೂ ಎರಡೂ ಕಾಣುತ್ತವೆ. ಮೂಡಲ್‌ನಲ್ಲಿ ಉತ್ತರದ ಜಾಗದಲ್ಲಿ 'ಲಿಂಗಸ*ಗೂರು' ಎಂದು ನಕ್ಷತ್ರ ಹಾಕಿ ಬರೆಯಬಹುದು. ನಕ್ಷತ್ರವಿರುವಲ್ಲಿ ಏನು ಬಂದರೂ ಸರಿ ಎಂದರ್ಥ. ಕನ್ನಡದಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ: ಸಕಾರ ಒಂದು ಸಂಖ್ಯೆ, ಅದರ ಕೊಂಬು ಇನ್ನೊಂದು. ಹಾಗಾಗಿ ನಕ್ಷತ್ರ ಸಕಾರವನ್ನು ಹಾಗೇ ಬಿಟ್ಟು ಕೊಂಬನ್ನೋ ಕೊಂಬಿನ ಇಳಿಯನ್ನೋ ಮಾತ್ರ ನುಂಗುತ್ತದೆ. ಹಾಗಿದ್ದೂ ನನ್ನ ಅಭಿಪ್ರಾಯ ಕೇಳಿದರೆ, ಮೊಬೈಲಿನಲ್ಲಿ ಕನ್ನಡ ಟೈಪಿಸಿ ರೂಢಿಯಿಲ್ಲದವರಿಗೆ ಬರೆಯುವ ಪ್ರಶ್ನೆ ಕೊಡುವುದೇ ಬೇಡ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಸಾಕು. ಕೃಷಿಯ ತಿಳಿವಳಿಕೆ ಅಳೆಯಲು ಹೋಗಿ ಟೈಪಿಂಗ್ ಅಳೆದಂತಾಗಬಾರದು.

ಗುಂಡಿಗಳ ಮೇಲಿನ ಮಾತೂ ಕನ್ನಡವಾಗಬೇಕು. ಮೂಡಲ್‌ಗೆ ಕನ್ನಡದ ಭಾಷಾ ಪೊಟ್ಟಣ ಇದೆ. ಅನುವಾದವಾಗದ ಸಾಲುಗಳು ಇಂಗ್ಲಿಷಿನಲ್ಲೇ ಕಾಣುತ್ತವೆ. ಆಡಳಿತಗಾರರು ಒಂದೊಂದು ಸಾಲನ್ನೂ ತಮಗೆ ಬೇಕಾದಂತೆ ಬದಲಿಸಿಕೊಳ್ಳುವ ಅವಕಾಶ ಅದರಲ್ಲೇ ಇದೆ. 'ಸಲ್ಲಿಸು' ಎಂಬುದಕ್ಕಿಂತ 'ಉತ್ತರ ಕಳಿಸ್ರಿ' ಎಂದಿದ್ದರೆ ಈ ಭಾಗದ ಹಿರಿಯರಿಗೆ ಹತ್ತಿರವಾಗುತ್ತದೆ ಎನ್ನಿಸಿದರೆ ಹಾಗೇ ಬರೆಯಿರಿ. ದುಡ್ಡು ಕೊಟ್ಟು ಕೊಂಡ ತಂತ್ರಾಂಶದಲ್ಲಿ ಇದಕ್ಕೆ ಕಂಪನಿಯ ಬಾಗಿಲು ಕಾಯಬೇಕಾದೀತು.

ಪ್ರಮಾಣಪತ್ರದ ತೊಡಕಿಗೆ ಬಂದರೆ, ಓಪನ್ ಎಡ್ಎಕ್ಸ್ ಪ್ರಮಾಣಪತ್ರವನ್ನು ಜಾಲಪುಟವಾಗಿ ತೋರಿಸುತ್ತದೆ. ಜೋಡಣೆಯ ಕೆಲಸ ಬ್ರೌಸರಿನದು, ಆದ್ದರಿಂದ ಮಸ್ಕಿ ಒಡೆಯುವುದಿಲ್ಲ, ಅಲ್ಲಿಂದಲೇ ಮುದ್ರಿಸಿಕೊಳ್ಳಬಹುದು. ಮೂಡಲ್ ಬಳಸುವವರು ಬದಲಾಗದ ಮಾತುಗಳನ್ನೆಲ್ಲ ಹಿನ್ನೆಲೆ ಚಿತ್ರದಲ್ಲೇ ಬರೆದಿಟ್ಟು ಅರ್ಧ ಪಾರಾಗಬಹುದು. ಹೆಸರು ಮತ್ತು ಊರು ಆಳಿಗೊಂದರಂತೆ ಬದಲಾಗುವುದರಿಂದ ಉಳಿದರ್ಧಕ್ಕೆ, ಭಾರತೀಯ ಲಿಪಿಗಳನ್ನು ಜೋಡಿಸಬಲ್ಲ ಎಂಪಿಡಿಎಫ್‌ನಂಥ ಸಂಗ್ರಹವನ್ನು ಅಳವಡಿಸಬಲ್ಲ ಪ್ರೋಗ್ರಾಮರ್ ಬೇಕು. ಇಷ್ಟನ್ನು ತಿಳಿಯಲು ತಂತ್ರಾಂಶ ಸ್ಥಾಪಿಸುವ ಅಗತ್ಯವಿಲ್ಲ. ಮೂಡಲ್‌ನ ಪ್ರಯೋಗ ತಾಣ ಎಲ್ಲರಿಗೂ ತೆರೆದಿದೆ, ಆಗಾಗ ತಾನೇ ಅಳಿಸಿಕೊಂಡು ಹೊಸದಾಗುವುದರಿಂದ ಕೆಡಿಸಿಬಿಟ್ಟೇವೆಂಬ ಭಯವೂ ಬೇಡ. ಮಸ್ಕಿ, ಕರ್ನಾಟಕ, ರಾಜ್‌ಕುಮಾರ್ ಈ ಮೂರನ್ನು ಟೈಪಿಸಿ, ಪಾಠದಲ್ಲಿ ಹೇಗೆ ಕಾಣುತ್ತವೆ, ಹುಡುಕಿದರೆ ಸಿಗುತ್ತವೆಯೇ, ಪಿಡಿಎಫ್‌ನಲ್ಲಿ ಉಳಿಯುತ್ತವೆಯೇ ನೋಡಿದರಾಯಿತು.

ನೆಟ್‌ವರ್ಕಿನ ಲೆಕ್ಕ ಇನ್ನೂ ಸುಲಭ. ಹತ್ತು ನಿಮಿಷದ ವಿಡಿಯೊ ಪಾಠ ಸೆಕೆಂಡಿಗೆ 1500 ಕಿಲೋಬಿಟ್ ದರದಲ್ಲಿದ್ದರೆ ಸುಮಾರು 112 ಎಂಬಿ. ಅದನ್ನೇ 300 ಕಿಲೋಬಿಟ್‌ಗೆ ಇಳಿಸಿದರೆ 22 ಎಂಬಿ ಚಿಲ್ಲರೆ. ಮಾತು ಮಾತ್ರ ಸಾಕೆಂದರೆ 32 ಕಿಲೋಬಿಟ್‌ನ ಧ್ವನಿ 2.4 ಎಂಬಿ. ಅಕ್ಷರಕ್ಕೆ ಬಂದರೆ, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಇಂಗ್ಲಿಷಿನ ಮೂರು ಪಟ್ಟು. ಲಿಂಗಸುಗೂರು ಎಂಬ ಹೆಸರಿಗೇ 30 ಬೈಟ್. ಹಾಗಿದ್ದೂ ಸಾವಿರ ಪದಗಳ ಪಾಠ 25 ಕೆಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ದೊಡ್ಡ ವಿಡಿಯೊ ಇದರ ನಾಲ್ಕೂವರೆ ಸಾವಿರ ಪಟ್ಟು ಭಾರ. ಟವರ್ ಕೈಕೊಡುವ ಹಳ್ಳಿಗೆ ಪಾಠ ಕಳಿಸುವವರು ಈ ಅನುಪಾತವನ್ನು ಕಣ್ಣೆದುರಿಗೇ ಇಟ್ಟುಕೊಂಡಿರಬೇಕು. ತಜ್ಞರ ಮುಖ ಹತ್ತು ನಿಮಿಷ ಕಾಣುವುದು ಅಷ್ಟು ಅಗತ್ಯವೇ? ರೋಗ ತಗುಲಿದ ಭತ್ತದ ಎಲೆಯ ಒಂದು ಸ್ಪಷ್ಟ ಚಿತ್ರ, ಎರಡು ನಿಮಿಷದ ಮಾತು ಇದ್ದರೆ ಆಯಿತು.

ಇಳಿಸಿಟ್ಟುಕೊಂಡು ಆಮೇಲೆ ನೋಡುವ ಅನುಕೂಲ ದೀಕ್ಷಾ ಆ್ಯಪ್‌ನಲ್ಲೂ ಮೂಡಲ್ ಆ್ಯಪ್‌ನಲ್ಲೂ ಇದೆ. ಬೋಧಕರು ಅನುಮತಿಸಿದರೆ ಮೂಡಲ್ ಆ್ಯಪ್‌ನಲ್ಲಿ ರಸಪ್ರಶ್ನೆಯನ್ನೂ ನೆಟ್ ಇಲ್ಲದೆ ಬರೆದು, ಸಿಕ್ಕಾಗ ಕಳಿಸಬಹುದು. ಇಂಟರ್ನೆಟ್ಟೇ ಇಲ್ಲದ ಜಾಗಕ್ಕೆ ಕೊಲಿಬ್ರಿ ಇದೆ. 2012ರಲ್ಲಿ ಖಾನ್ ಅಕಾಡೆಮಿಯ ಪಾಠಗಳನ್ನು ನೆಟ್ ಇಲ್ಲದೆಡೆಗೆ ಒಯ್ಯಲು ಶುರುವಾದ ಕೆಎ ಲೈಟ್‌ನ ಮುಂದಿನ ಪೀಳಿಗೆ ಇದು. ಪೆನ್‌ಡ್ರೈವಿನಲ್ಲಿ ಪಾಠ ತಂದು ಒಂದು ಹಳೆಯ ಲ್ಯಾಪ್‌ಟಾಪಿಗೋ ಅಂಗೈಯಗಲದ ರಾಸ್ಪ್‌ಬೆರಿ ಪೈಗೋ ತುಂಬಿದರೆ, ಕೋಣೆಯೊಳಗಿನ ವೈಫೈ ಹಿಡಿದು ಸುತ್ತಲಿನ ಮೊಬೈಲುಗಳು ಓದುತ್ತವೆ. ಮೂಡಲನ್ನೇ ಅದೇ ಪುಟ್ಟ ಯಂತ್ರಕ್ಕೆ ಇಳಿಸಿದ ಮೂಡಲ್‌ಬಾಕ್ಸ್ ಕೂಡ ಇದೆ. ರಾಯಚೂರಿನ ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ ತಯಾರಾಗುತ್ತದೆ, ಜಿಲ್ಲೆಯ ಹಳ್ಳಿಗಳಲ್ಲಿ ಲೈನ್‌ಮನ್‌ಗೆ ಫೋನ್ ಹಚ್ಚುವುದು ತಪ್ಪಿಲ್ಲ. ಪವರ್‌ಬ್ಯಾಂಕಿನಲ್ಲಿ ಓಡುವ ಸರ್ವರಿನ ಬೆಲೆ ಅಲ್ಲಿ ತಿಳಿಯುತ್ತದೆ.

ಗಡುವಿನ ವಿಚಾರದಲ್ಲಿ ಸಿಂಧನೂರಿಗೆ ತನ್ನದೇ ಪಂಚಾಂಗವಿದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ಸಸಿಮಡಿ, ನಾಟಿ; ಆ ವಾರಗಳಲ್ಲಿ ಯಾವ ರೈತನೂ ಮೊಬೈಲಿನಲ್ಲಿ ಪಾಠ ಕೇಳುತ್ತಾ ಕೂರುವುದಿಲ್ಲ. ಅದರಲ್ಲೂ ಕಾಲುವೆಯ ಮೇಲ್ಭಾಗಕ್ಕೆ ನೀರು ಮೊದಲು, ಕೊನೆ ಭಾಗಕ್ಕೆ ತಡ. ಎಲ್ಲರಿಗೂ ಒಂದೇ ಕೊನೆಯ ದಿನಾಂಕ ಇಟ್ಟರೆ ಯಾರೋ ಒಬ್ಬರಿಗೆ ಅನ್ಯಾಯ. ಮೂಡಲ್‌ನಲ್ಲಿ ಕಲಿಯುವವರನ್ನು ಗುಂಪುಗಳಾಗಿಸಿ ಒಂದೊಂದು ಗುಂಪಿಗೆ ಬೇರೆ ಗಡುವು ಕೊಡಬಹುದು: ವಿತರಣಾ ಕಾಲುವೆಗೊಂದು ಗುಂಪು. ಸೌಲಭ್ಯಗಳ ಪಟ್ಟಿಯಲ್ಲಿ ಈ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ, ನನಗೆ ಅದೇ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಗಡುವಿನ ರಾತ್ರಿ ಸರ್ವರಿಗೂ ಕಷ್ಟಕಾಲ. 500 ಜನ ಒಮ್ಮೆಗೇ ಪರೀಕ್ಷೆಗೆ ಕೂತರು ಎಂದಿಟ್ಟುಕೊಳ್ಳಿ. ಬದಲಾದ ಉತ್ತರಗಳನ್ನು ಮೂಡಲ್ ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ತಾನೇ ಉಳಿಸುತ್ತದೆ. ನಡುವೆ ನೆಟ್ ಹೋದರೂ ಬರೆದದ್ದು ಹೋಗುವುದಿಲ್ಲ. ಆದರೆ ಡೇಟಾಬೇಸಿಗೆ ಸೆಕೆಂಡಿಗೆ ಎಂಟು ಬರಹದ ಕೆಲಸ ಇದೊಂದರಿಂದಲೇ ಬಂತು, ಪುಟ ತೆರೆಯುವುದು ಬೇರೆ. ಮೂಡಲ್‌ಗೆ ಪಿಎಚ್‌ಪಿ ಮತ್ತು ಒಂದು ಡೇಟಾಬೇಸ್ ಸಾಕು, ಚಿಕ್ಕ ತರಬೇತಿಗೆ ಸಾಧಾರಣ ಬಾಡಿಗೆ ಸರ್ವರಿನಲ್ಲೇ ನಡೆದೀತು. ಓಪನ್ ಎಡ್ಎಕ್ಸ್ ಸ್ಥಾಪನೆಯನ್ನು ಸುಲಭಗೊಳಿಸಿದ ಟ್ಯೂಟರ್ ಎಂಬ ಸಲಕರಣೆ 8 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು ಎನ್ನುತ್ತದೆ. ಮುಂಬೈನ ಫ್ರಾಪೆ ಕಂಪನಿಯ ಫ್ರಾಪೆ ಲರ್ನಿಂಗ್ ಹಗುರ, ನೋಡಲು ಚೆಂದ. ಅದರ ಹಿಂದಿನ ಬಳಕೆದಾರರ ಬಳಗ ಮೂಡಲ್‌ನದಕ್ಕಿಂತ ಚಿಕ್ಕದು. ಕ್ಯಾನ್ವಾಸ್ ಎಂಬ ಇನ್ನೊಂದು ಎಲ್‌ಎಂಎಸ್ ಕೂಡ ಮುಕ್ತವೇ, ಸ್ವಂತ ಸರ್ವರಿನಲ್ಲಿ ನಡೆಸುವುದು ತ್ರಾಸದಾಯಕ.

ಹಣಕ್ಕಿಂತ ದುಬಾರಿ ಒಬ್ಬ ಮನುಷ್ಯನ ಸಮಯ. ಮೂಡಲ್‌ನಲ್ಲಿ ನಿಮಿಷಕ್ಕೊಮ್ಮೆ ಹಿನ್ನೆಲೆಯಲ್ಲಿ ಓಡಬೇಕಾದ ಕ್ರಾನ್ ಎಂಬ ಕೆಲಸ ಒಂದಿದೆ. ಅದು ನಿಂತರೆ ಪಾಠಗಳು ಕಾಣುತ್ತಲೇ ಇರುತ್ತವೆ, ನೆನಪೋಲೆಗಳು ಮಾತ್ರ ಹೋಗುವುದಿಲ್ಲ. ಯಾರಿಗೂ ಏನೂ ಕೆಟ್ಟಂತೆ ಕಾಣುವುದಿಲ್ಲ. ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ಬರುತ್ತವೆ, ನಡುನಡುವೆ ಭದ್ರತೆಯ ತೇಪೆಗಳು. ಇದನ್ನು ನೋಡಿಕೊಳ್ಳಲು ಊರಲ್ಲಿ ಒಬ್ಬರಿಲ್ಲದಿದ್ದರೆ ದೀರ್ಘಾವಧಿ ಆವೃತ್ತಿಯನ್ನೇ ಆರಿಸಬೇಕು: 2024ರ ಅಕ್ಟೋಬರ್‌ನ 4.5ಕ್ಕೆ ಮೂರು ವರ್ಷ ಭದ್ರತಾ ತಿದ್ದುಪಡಿಯ ಭರವಸೆ ಇದೆ. ಕಲಿಯುವವರ ಹೆಸರು, ಫೋನ್ ನಂಬರ್, ಅಂಕ ಎಲ್ಲವೂ ಆ ಸರ್ವರಿನಲ್ಲಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ತೇಪೆ ಹಾಕದೆ ಬಿಡುವುದು ಬರೀ ಸೋಮಾರಿತನವಾಗಿ ಉಳಿದಿಲ್ಲ.

ಎಲ್ಲವನ್ನೂ ಪರದೆಗೆ ತರಬೇಕೆಂದೂ ಇಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಗಣಿಗೆ ಇಳಿಯುವವರ ತರಬೇತಿಗೆ 1966ರ ಗಣಿ ವೃತ್ತಿ ತರಬೇತಿ ನಿಯಮಗಳಿವೆ. ಗಾಳಿ ಹೇಗೆ ಹರಿಯುತ್ತದೆ, ಸಂಕೇತದ ಗಂಟೆಗಳ ಅರ್ಥವೇನು ಎಂಬುದನ್ನು ಮೊಬೈಲಿನಲ್ಲಿ ಓದಿ ಬರಬಹುದು. ತಲೆಯ ಮೇಲಿನ ಬಂಡೆಯನ್ನು ತಟ್ಟಿ, ಶಬ್ದದಿಂದ ಸಡಿಲವೋ ಗಟ್ಟಿಯೋ ಎಂದು ಗುರುತಿಸುವುದನ್ನು ಅನುಭವಿಯೊಬ್ಬ ಪಕ್ಕದಲ್ಲಿ ನಿಂತೇ ಕಲಿಸಬೇಕು. ಒಳ್ಳೆಯ ಎಲ್‌ಎಂಎಸ್‌ನಲ್ಲಿ ಇದಕ್ಕೂ ಜಾಗವಿರುತ್ತದೆ: ಮೇಲ್ವಿಚಾರಕರು ಕಣ್ಣಾರೆ ನೋಡಿ, ತಮ್ಮ ಕೈಯಿಂದಲೇ 'ಆಯಿತು' ಎಂದು ಗುರುತು ಹಾಕುವ ವ್ಯವಸ್ಥೆ. ವಿಡಿಯೊ ಕೊನೆಯವರೆಗೆ ಓಡಿತೆಂದು ತಾನೇ ಗುರುತು ಹಾಕಿಕೊಳ್ಳುವ ತಂತ್ರಾಂಶ ಲೆಕ್ಕ ಇಡುವುದು ಮೊಬೈಲ್ ಓಡಿದ್ದನ್ನಷ್ಟೇ.

ಕೊನೆಯ ಪರೀಕ್ಷೆಯನ್ನು ಮೊದಲ ವಾರವೇ ಮಾಡಬೇಕು: ಹೊರಗೆ ಹೋಗುವ ಬಾಗಿಲು ತೆರೆಯುತ್ತದೆಯೇ ಎಂಬುದು. ಮೂಡಲ್‌ನಲ್ಲಿ ಒಂದು ಕೋರ್ಸನ್ನು ಪೂರ್ತಿ ಒಂದೇ ಕಡತವಾಗಿ ತೆಗೆದಿಡಬಹುದು. ತೆಗೆಯುವಾಗ ಬಳಕೆದಾರರ ಮಾಹಿತಿಯೂ ಸೇರಲಿ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಪಾಠ ಬರುತ್ತದೆ, ಅಂಕ ಬರುವುದಿಲ್ಲ. ಆ ಕಡತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಸ್ಥಾಪಿಸಿದ ಮೂಡಲ್‌ನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ. ಮೂಡಲ್ ಬಿಟ್ಟು ಬೇರೆಡೆಗೆ ಹೋಗುವುದಾದರೆ ಈ ಕಡತ ಅಲ್ಲಿ ತೆರೆಯಲಿಕ್ಕಿಲ್ಲ. ಅದಕ್ಕಾಗಿ ಪ್ರಶ್ನೆಗಳನ್ನು ಗಿಫ್ಟ್ ಎಂಬ ಸಾದಾ ಪಠ್ಯದ ರೂಪದಲ್ಲೂ ಇಳಿಸಿಟ್ಟುಕೊಳ್ಳಬೇಕು. ಅದು ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಸರಿಯುತ್ತರದ ಹಿಂದೆ ಸಮ ಚಿಹ್ನೆ, ತಪ್ಪುತ್ತರದ ಹಿಂದೆ ಒಂದು ಅಲೆಗೆರೆ, ಮಿಕ್ಕಿದ್ದೆಲ್ಲ ನೀವು ಬರೆದ ಕನ್ನಡ.